ತೂಗಿದ ಜೋಳ

ಮಲಕವ್ವನನ್ನು ಎತ್ತುವವರು ಯಾರು ಎಂಬ ಜಗಳ ಆ ಮನೆಯಲ್ಲಿ ಚಹಾ ಕುದಿಯುವುದಕ್ಕಿಂತ ಮೊದಲೇ ಕುದಿಯುತ್ತಿತ್ತು.

“ಏನ್ರಿ, ಲಗೂನ ಬರ್ರಿ. ಕಾಸಿದ ನೀರು ಆರಾಕತ್ತಾವು.”

“ಒಂದೀಟ ತಡಿ. ಯಳವಿ ಊರಿಂದ ಬಂಡಿ ಬಂದೈತಿ. ಚೀಲ ಇಳಿಸಿಕೊಂಡು ಬರ್ತೀನಿ.”

“ಚೀಲ ಇಳಸಾಕ ಹಮಾಲ ಅದಾನ. ನಿಮ್ಮವ್ವನ್ನ ಎತ್ತಾಕ ನಾ ಒಬ್ಬಾಕೀನ ಅದೀನಿ.”

ಆಗ ಹೊರಸು ಮಂಚದ ಮೇಲಿಂದ ಮೂರನೆಯ ದನಿ ಏಳುತ್ತಿತ್ತು. “ನನ್ನ ಚೀಲದ ಸಾಲಿಗಿ ಹಚ್ಚಬ್ಯಾಡ್ರಿ. ಇನ್ನೂ ಉಸರ ಆಡತೈತಿ ನಂದು.”

ಮೂವರಲ್ಲಿ ಯಾರದೂ ತಪ್ಪಿರಲಿಲ್ಲ. ಹಾಗಾಗಿ ಜಗಳ ಮುಗಿಯುವ ಮಾತೂ ಇರಲಿಲ್ಲ.

ಗಡಿಯಾಚೆ ಜತ್ತ ಸೀಮೆಯ ಸೊರಡಿ ಊರಿನ ಆ ಮನೆಯ ಮುಂಭಾಗದಲ್ಲಿ ರೇವಪ್ಪನ ಕಾಳಿನ ಅಂಗಡಿ. ಅದರ ಹಿಂದೆ ಎಮ್ಮೆ ಕಟ್ಟುವ ಜಾಗ, ಅದಕ್ಕೆ ತಗಲಿ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಇನ್ನೊಂದು ಮಗ್ಗುಲಿಗೆ ಕಾಳಿನ ಚೀಲ ಒಟ್ಟುವ ಕೋಣೆ, ಹಿಂದೆ ಅಡಿಗೆಮನೆ, ಬಚ್ಚಲು. ಕಟ್ಟೆಯ ಅಂಚಿಗೆ, ಎಮ್ಮೆಯ ಗೋದಲಿಗೆ ಒತ್ತಿಕೊಂಡು ಮಲಕವ್ವನ ಹೊರಸು. ಆ ಜಾಗವನ್ನು ಅವಳೇ ಆರಿಸಿಕೊಂಡಿದ್ದಳು. ಅಲ್ಲಿಂದ ಅಂಗಡಿಗೆ ಬಂದವರು ಕಾಣುತ್ತಿದ್ದರು, ಒಲೆಯ ಮುಂದೆ ಸೊಸೆ ಏನು ಮಾಡುತ್ತಾಳೆಂಬುದೂ ಕಾಣುತ್ತಿತ್ತು. ಎಮ್ಮೆಯಂತೂ ಕೈಗೆ ಎಟಕುತ್ತಿತ್ತು. ಮನೆ ಆಳುವವರಿಗೆ ಅದಕ್ಕಿಂತ ಒಳ್ಳೆಯ ಗಾದಿ ಇಲ್ಲ.

ಹಿಂದಿನ ಚಳಿಗಾಲದಲ್ಲಿ ಕೊಯನಾದ ಕಡೆ ಭೂಮಿ ನಡುಗಿತಲ್ಲ, ಅವತ್ತು ನಸುಕಿನಲ್ಲಿ ಇಲ್ಲಿಯೂ ಪಾತ್ರೆಗಳು ಗಡಗಡ ಅಂದಿದ್ದವು. ಊರೆಲ್ಲ ಹೊರಗೆ ಓಡಿತು. ಮಲಕವ್ವನೂ ಓಡಿದಳು. ಓಡಿದವಳು ಸುಮ್ಮನೆ ನಿಲ್ಲಬಾರದೆ? ಒಳಗೆ ತುಪ್ಪದ ಗಡಿಗೆ ಉಳಿಯಿತೆಂದು ತಿರುಗಿ ಓಡಿದಳು. ಭೂಮಿ ಅಷ್ಟರೊಳಗೆ ಸುಮ್ಮನಾಗಿತ್ತು. ಕಟ್ಟೆಯ ಅಂಚು ತಪ್ಪಿ ಬಿದ್ದದ್ದು ಅವಳೊಬ್ಬಳೇ. ಟೊಂಕದ ಎಲುಬು ಮುರಿಯಿತು. ಮಿರಜದ ದವಾಖಾನೆಯಲ್ಲಿ ಮಲಗಿದ್ದು ಮನೆಗೆ ಬಂದಳು, ಆದರೆ ಕಾಲು ಊರಲಾಗಲಿಲ್ಲ. ತುಪ್ಪದ ಗಡಿಗೆಗೆ ಏನೂ ಆಗಿರಲಿಲ್ಲ.

ಮಲಕವ್ವ ಮೈಕೈ ತುಂಬಿದ ಹೆಂಗಸು. ಗಂಡ ಹೋದ ಮೇಲೆ ಅಂಗಡಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಎತ್ತಿ ನಿಲ್ಲಿಸಿದವಳು ಎಂದು ಊರವರು ಹೇಳುತ್ತಿದ್ದರು. ಈಗ ಅವಳನ್ನು ಎತ್ತುವುದು ದಿನದ ಕೆಲಸವಾಗಿತ್ತು. ಹೊರಸಿನ ಮೇಲೇ ಬಿಟ್ಟಿದ್ದರೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಆದರೆ ಕೊರಳಲ್ಲಿ ಲಿಂಗ. ಮೈಮೇಲೆ ನೀರು ಬೀಳದೆ ಅವಳು ಲಿಂಗ ಮುಟ್ಟುವವಳಲ್ಲ, ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕುವವಳಲ್ಲ.

“ಒದ್ದಿ ಅರಬಿಲೆ ಮೈ ಒರಸಿದ್ರ ಆತು ಯವ್ವಾ,” ಎಂದು ರೇವಪ್ಪ ಒಮ್ಮೆ ಹೇಳಿ ನೋಡಿದ್ದ. “ಬ್ಯಾನ್ಯಾಗ ಇದ್ದವರಿಗೆ ನಡೀತೈತಿ. ಮಠದಾಗ ಸ್ವಾಮಿಗೋಳನ್ನ ಕೇಳೇ ಬಂದೀನಿ.”

“ಹಂಗಾರ ಸ್ವಾಮಿಗೋಳು ಒರಸಿಕೊಂಡು ಪೂಜಿ ಮಾಡ್ಕೊಳ್ಳಲಿ. ನನಗ ನೀರು ಬೇಕು.”

ಹೀಗೆ ದಿನವೂ ಅವಳನ್ನು ಬಚ್ಚಲಿಗೆ ಒಯ್ಯಬೇಕಿತ್ತು, ತರಬೇಕಿತ್ತು. ರೇವಪ್ಪ ಕಾಲ ಕಡೆ, ಸೊಸೆ ಸಂಗವ್ವ ತಲೆಯ ಕಡೆ. ಸಂಗವ್ವ ಸಣ್ಣ ಮೈಯವಳು, ಮಾತು ಮಾತ್ರ ಖಡಕ್. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಸಂಗವ್ವನ ಕಾಲ ಬಂದಾಗ ಅತ್ತೆಯೇ ಅವಳ ಹೆಗಲ ಮೇಲೆ ಬಂದಿದ್ದಳು.

ಜತ್ತದ ಸಂತೆಯ ದಿನ ರೇವಪ್ಪ ನಸುಕಿಗೇ ಹೋಗುತ್ತಿದ್ದ. ಅಂಥ ಒಂದು ದಿನ ಸಂಗವ್ವ ಒಬ್ಬಳೇ ಅತ್ತೆಯ ಕಂಕುಳಲ್ಲಿ ಕೈ ಹಾಕಿ ಎಳೆದಳು. ಕಟ್ಟೆ ಇಳಿಯುವಾಗ ನಡ ಚಳಕ್ ಎಂದಿತು. ಇಬ್ಬರೂ ನೆಲಕ್ಕೆ ಬಿದ್ದರು. ಹಮಾಲನನ್ನು ಕರೆಯಬಹುದಿತ್ತು, ಆದರೆ ಮಲಕವ್ವನ ಸೀರೆ ಮೊಣಕಾಲ ಮೇಲೆ ಸರಿದಿತ್ತು.

“ಕರೀಬ್ಯಾಡ,” ಎಂದಳು ಮಲಕವ್ವ.

“ಕರ್ಯಾಕ ನನಗ ಉಸರರ ಎಲ್ಲಿ ಐತ್ರಿ?” ಎಂದಳು ಸಂಗವ್ವ.

ಮಕ್ಕಳು ಮರಾಠಿ ಶಾಲೆಯಿಂದ ಬರುವ ತನಕ ಅತ್ತೆ ಸೊಸೆ ಮಗ್ಗುಲಿಗೆ ಮಗ್ಗುಲಾಗಿ ನೆಲದ ಮೇಲೆಯೇ ಮಲಗಿದ್ದರು. ಎಮ್ಮೆ ಅವರನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

ಸಂಜೆ ರೇವಪ್ಪ ಬಂದವನು ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ, ಕೈಕಾಲು ತೊಳೆಯುವ ಮೊದಲೇ ತೀರ್ಮಾನ ಹೇಳಿಬಿಟ್ಟ.

“ಯವ್ವಾ, ನಿನ್ನ ಡಫಳಾಪುರಕ್ಕ ಬಿಟ್ಟ ಬರ್ತೀನಿ. ಚನ್ನವ್ವಕ್ಕನ ಮನ್ಯಾಗ ಕೈಕಾಲ ಭಾಳ ಅದಾವು. ಇಕಿ ನಡಾ ಮುರಕೊಂಡು ಕುಂತ್ರ ರೊಟ್ಟಿ ಯಾರು ಬಡೀಬೇಕು?”

ಚನ್ನವ್ವ ಮಲಕವ್ವನ ಹಿರಿಯ ಮಗಳು. ಮಲಕವ್ವ, “ಮಗಳ ಮನ್ಯಾಗ ಅಳಿಯನ ಕಣ್ಣ ಮುಂದ ನನ್ನ ಬಚ್ಚಲಕ್ಕ ಹೊತಗೊಂಡು ಹೊಕ್ಕಾರೇನು?” ಎಂದಳು. “ಅದಕಿಂತ ಆವತ್ತ ಮನಿ ಮೈಮ್ಯಾಲೆ ಬಿದ್ದಿದ್ರ ಚಲೋ ಇತ್ತು.” ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಆ ಮನೆಯವರು ಗಂಡ ತೀರಿದ ದಿನ ಬಿಟ್ಟರೆ ಅವತ್ತೇ ಕಂಡದ್ದು.

ಯುಗಾದಿಗೆ ಕಿರಿಯ ಮಗ ಮುರಗೆಪ್ಪ ಬಂದ. ಅವನು ಮಿರಜದ ದವಾಖಾನೆಯಲ್ಲಿ ವಾರ್ಡ್‌ಬಾಯ್. ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗಲೇ ಅತ್ತಿಗೆಯ ಮುಂದೆ ಮಾತು ತೆಗೆದ.

“ವೈನಿ, ನಮ್ಮಲ್ಲಿ ಪೇಶಂಟ್ ಎತ್ತೂ ಮಿಶೀನ ಬಂದೈತ್ರಿ. ಕಬ್ಬಣದ್ದು. ಮ್ಯಾಲೊಂದು ಕೊಕ್ಕಿ, ಕೆಳಗ ಗಾಲಿ. ಪೇಶಂಟ್‌ನ ತಳಕ್ಕ ದಪ್ಪ ಬಟ್ಟಿ ಹಾಕೂದು, ನಾಕೂ ಮೂಲಿ ಕೊಕ್ಕಿಗಿ ಸಿಗಸೂದು, ಜ್ಯಾಕ್ ಒತ್ತಿದ್ರ ಕುಂತಂಗ ಮ್ಯಾಲೆ ಬರ್ತಾರ. ಎಷ್ಟ ದಪ್ಪ ಇದ್ರೂ ಒಬ್ಬಾಕಿ ನರ್ಸಬಾಯಿ ಎತ್ತತಾಳ.”

“ಅದರ ರೊಕ್ಕ ಕೇಳಬ್ಯಾಡ ಅಣ್ಣನ ಮುಂದ,” ಎಂದಳು ಸಂಗವ್ವ.

ರೇವಪ್ಪ ಜುಗ್ಗ, ನಿಜ. ಆದರೆ ದಡ್ಡನಲ್ಲ. ಸಂಜೆಯ ಹೊತ್ತಿಗೆ ಅವನು ಮೇಲಿನ ತೊಲೆಯನ್ನೇ ನೋಡುತ್ತ ನಿಂತಿದ್ದ. “ಜ್ಯಾಕ್ ಯಾಕ? ಬಾವ್ಯಾಗಿಂದ ಕೊಡಾ ಜಗ್ಗಾಕ ಯಾವ ಜ್ಯಾಕ್ ಐತಿ? ಗಡಗಡಿ ಇದ್ರ ಆತು. ಅವ್ವ ಈ ಕಡಿ, ಅಕೀಗಿ ತೂಕಾದಷ್ಟು ಭಾರ ಆ ಕಡಿ. ಬೆರಳಲೆ ಎತ್ತಬಹುದು.”

ತಕ್ಕಡಿ ಹಿಡಿದು ಬದುಕಿದವನಿಗೆ ಬೇರೆ ಏನು ಹೊಳೆದೀತು!

ಬಡಿಗ ಭರಮಣ್ಣ ಬಂದ. ಹೊರಸಿನ ನೆತ್ತಿಗೆ ಒಂದು, ಕಾಳಿನ ಕೋಣೆಯ ಬಾಗಿಲ ಹತ್ತಿರ ಒಂದು, ಒಂದೇ ತೊಲೆಗೆ ಎರಡು ಗಡಗಡಿ ಕಟ್ಟಿದ. ಅವುಗಳ ಮೇಲೆ ಹಾಯಿಸಿದ ಹಗ್ಗದ ಒಂದು ತುದಿಗೆ ಕೊಕ್ಕೆ, ಇನ್ನೊಂದು ತುದಿಗೆ ಭಾರ. ಭಾರ ತಾನಾಗಿ ಇಳಿಯದಂತೆ ಗೋಡೆಗೆ ಒಂದು ಗೂಟ. ಸಂಗವ್ವ ಹಳೆಯ ಸೀರೆಗಳನ್ನು ಪದರಪದರ ಸೇರಿಸಿ ಗಟ್ಟಿ ಕೌದಿ ಹೊಲಿದು ನಾಲ್ಕು ಮೂಲೆಗೆ ಹಗ್ಗ ಹಚ್ಚಿದಳು. ಕೂತವಳನ್ನು ಬಚ್ಚಲಿಗೆ ತಳ್ಳಲು ಗಾಲಿ ಹಚ್ಚಿದ ಗಿಡ್ಡ ಮಣೆ, ಕಟ್ಟೆಯಿಂದ ಇಳಿಸಲು ಒಂದು ಇಳಿಜಾರು ಹಲಗೆ. ಎತ್ತುವುದು, ಹೊರಸು ಸರಿಸುವುದು, ಮಣೆ ತಳ್ಳುವುದು, ಇಳಿಸುವುದು. ಅಷ್ಟೇ ಕೆಲಸ.

ಮೊದಲ ದಿನ ರೇವಪ್ಪ ಆ ಕಡೆ ಗೋಣಿಚೀಲದಲ್ಲಿ ಹಿತ್ತಲಿನ ಕಲ್ಲು ತುಂಬಿ ಕಟ್ಟಿದ. ಮುರಗೆಪ್ಪ ತಾಯಿಯ ತಳಕ್ಕೆ ಕೌದಿ ಸೇರಿಸಿ ಕೊಕ್ಕೆ ಸಿಗಿಸಿದ. ಹಗ್ಗ ಬಿಗಿಯಿತು. ಮಲಕವ್ವ ಹೊರಸು ಬಿಟ್ಟು ಮೇಲೆದ್ದಳು, ಕೂತ ಹಾಗೆಯೇ, ಮೊಣಕಾಲು ಮಡಚಿ, ತಲೆ ಮುಂದೆ ಬಾಗಿ. ಮುರಗೆಪ್ಪ ಹೊರಸು ಸರಿಸಿ, “ಹಾಂ, ಸಾವಕಾಶ ಇಳಸ್ರಿ,” ಎಂದ.

ಮಲಕವ್ವ ಕಿಟಾರನೆ ಕಿರುಚಿದಳು.

“ಇಳಸಬ್ಯಾಡ್ರೋ! ಕುಣ್ಯಾಗ ಇಳಸಾಕತ್ತೀರೇನು ನನ್ನ? ಇನ್ನೂ ಜೀವ ಐತ್ರೋ ನನಗ!”

ಮುರಗೆಪ್ಪನ ಕೈ ಹಾಗೆಯೇ ನಿಂತುಬಿಟ್ಟಿತು. ಅವನು ಮಿರಜದಲ್ಲಿ ಕಂಡದ್ದು ಬರೇ ಮಿಶೀನು. ಇಲ್ಲಿ ನಿಂತವರಿಗೆಲ್ಲ ಆ ಕ್ಷಣದಲ್ಲಿ ಕಂಡದ್ದು ಬೇರೆ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತವರನ್ನು ಬಟ್ಟೆಯಲ್ಲಿ ಹಿಡಿದು ಹೀಗೆಯೇ ಸಾವಕಾಶವಾಗಿ ಕುಣಿಗೆ ಇಳಿಸುತ್ತಾರೆ. ರೇವಪ್ಪ ತನ್ನ ಅಪ್ಪನನ್ನು ಹೀಗೆ ಇಳಿಸಿದ್ದ. ತಾಯಿಯನ್ನು ತಿರುಗಿ ಹೊರಸಿಗೆ ಹಾಕಿ ಅಂಗಡಿಗೆ ಹೋಗಿಬಿಟ್ಟ.

ಅವತ್ತು ಪೂಜೆಯಾಗಲಿಲ್ಲ, ಮಲಕವ್ವ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಸಂಗವ್ವನ ನಡಕ್ಕೆ ಇನ್ನೂ ಎಣ್ಣೆಬಟ್ಟೆ ಕಟ್ಟಿತ್ತು. ರೇವಪ್ಪ ಬಂಡಿಗೆ ಹೇಳಿ ಕಳಿಸಿದ. ಚನ್ನವ್ವನಿಗೂ ಸುದ್ದಿ ಹೋಯಿತು.

ಬಂಡಿಯ ಮಾತು ಕಿವಿಗೆ ಬಿದ್ದದ್ದೇ ಮಲಕವ್ವ ಮಗನನ್ನು ಕರೆದಳು.

“ಏ ರೇವಪ್ಪಾ, ಆ ಕಡಿ ಚೀಲದಾಗ ಏನ ಹಾಕಿದ್ದಿ?”

“ಕಲ್ಲು.”

“ಹೆತ್ತಾಕಿನ್ನ ಕಲ್ಲಿಗಿ ತೂಗ್ತಾರೇನೋ? ಜೋಳಾ ಹಾಕು. ಜೋಳದ ಕೂಡ ತೂಗಿದ್ರ ಅದು ತುಲಾಭಾರ. ಸತ್ತವರಿಗಿ ಯಾರೂ ತುಲಾಭಾರ ಮಾಡೂದಿಲ್ಲ. ಅದು ಇದ್ದವರದು.”

ರೇವಪ್ಪ ತಲೆ ಕೆರೆದುಕೊಂಡ. ಹಠಮಾರಿ ತಾಯಿ ತಾನೇ ದಾರಿ ತೋರಿಸಿದ್ದಳು, ಆದರೆ ಅದು ಜೋಳದ ದಾರಿ! ಅವನು ಒಳಗೆ ಹೋಗಿ ಒಂದು ಹಳೆಯ ಚೀಲ ಎಳೆದು ತಂದ. ಮಲಕವ್ವ ಅದರಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿದಳು.

“ಹುಳಾ ಹತ್ತಿದ ಜೋಳಕ್ಕ ತೂಗ್ತೀಯೇನು ನನ್ನ?”

“ಯವ್ವಾ, ಭಾರಕ್ಕ ಯಾವುದಾದ್ರೇನು?”

“ನನಗ ಫರಕ ಬೀಳತೈತಿ. ಮಾಲದಂಡಿ ತಾ. ಇನ್ನೊಂದ ಮಾತು, ಮನಷ್ಯಾರನ್ನ ತೂಗಿದ ಜೋಳ ಮನಿಯವರು ಉಣಬಾರದು. ನಾ ಹ್ವಾದಮ್ಯಾಲೆ ಅದು ಮಠಕ್ಕ.”

“ಹಳಿ ಚೀಲನ ಮಠಕ್ಕ ಕೊಡಬೇಕಂತಿದ್ದೆ,” ಎಂದು ಗೊಣಗುತ್ತ ರೇವಪ್ಪ ಮುತ್ತಿನಂಥ ಮಾಲದಂಡಿ ಜೋಳವನ್ನು ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ತೂಗಿ ತುಂಬಿದ. ಅವನು ಒಮ್ಮೆ ತೂಗಿದ ಕಾಳಿನ ತೂಕ ಜನ್ಮದಲ್ಲಿ ಮರೆಯುವವನಲ್ಲ. ತಾಯಿಗಿಂತ ಚೀಲ ಒಂದು ಬೊಗಸೆಯಷ್ಟು ಹಗುರಾಗುವ ಹಾಗೆ ಸರಿ ಮಾಡಿದ.

ಮರುದಿನ ಮಲಕವ್ವ ಕಣ್ಣು ಮುಚ್ಚಿ, ಕೊರಳ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೌದಿಯಲ್ಲಿ ಕೂತಳು. ಸಂಗವ್ವ ಗೂಟದ ಹಗ್ಗ ಬಿಚ್ಚಿ ಚೀಲವನ್ನು ಮೆಲ್ಲಗೆ ಕೆಳಕ್ಕೆ ಜಗ್ಗಿದಳು. ಅತ್ತೆ ಮೇಲೆ ಬಂದಳು. ಸಂಗವ್ವ ಒಂದು ಕೈಯಲ್ಲೇ ಹಿಡಿದು ನಿಂತು ನಕ್ಕಳು. ನಡ ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

“ಅತ್ತಿ, ಕಣ್ಣ ತಗೀರಿ. ನೀವು ಮ್ಯಾಲೆ, ಜೋಳಾ ಕೆಳಗ.”

ಮಲಕವ್ವ ಕಣ್ಣು ತೆರೆದಳು. ಮೇಲಿಂದ ಅಡಿಗೆಮನೆಯ ನೆಲುವು ಕಂಡಿತು. “ಏ, ನೆಲುವಿನ ಮ್ಯಾಲೆ ಬೆಣ್ಣಿ ಮುಚ್ಚಿಲ್ಲ ನೀ,” ಎಂದಳು.

ಬಂಡಿಯನ್ನು ಬೇಡವೆಂದು ಹೇಳಿ ಕಳಿಸಿದರು.

ಕೆಲವು ವಾರ ಮನೆಯಲ್ಲಿ ಬೆಳಗಿನ ಜಗಳವೇ ಇರಲಿಲ್ಲ. ಊರ ಹೆಂಗಸರು ಬಂದು ನೋಡಿ ಹೋದರು. ಆದರೆ ಶಾಂತಿ ಆ ಮನೆಗೆ ಒಗ್ಗುವುದಿಲ್ಲ. ಬೇಸಿಗೆ ಏರಿದ ಹಾಗೆ ತೊಲೆ ಕಿರ್ ಅನ್ನತೊಡಗಿತು. ಹೊರಸಿನ ಮೇಲೆ ಮಲಗಿದವಳಿಗೆ ಕಣ್ಣೆದುರೇ ತೊಲೆ, ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ಬಿರುಕು. ರೇವಪ್ಪ ಭರಮಣ್ಣನನ್ನು ಕರೆಸಿದ.

ಭರಮಣ್ಣ ಏಣಿ ಹತ್ತಿ ತೊಲೆಗೆ ಕಿವಿಯಿಟ್ಟು ಕೊಡತಿಯಿಂದ ಬಡಿದ. “ಸಾವ್ಕಾರ್ರ, ಹಳೀ ಬೇವಿನ ತೊಲಿ. ಯವ್ವಾರ ಭಾರ ಒಂದ ಅಲ್ಲ, ಆ ಕಡಿ ಚೀಲದ್ದೂ ಇದರ ಮ್ಯಾಲೆನ ಬೀಳತೈತಿ. ತಳಕ್ಕ ಒಂದು ಕಂಬ ಕೊಡೂನು.”

“ಎಲ್ಲಿ ಕೊಡ್ತಿ?”

“ಇಲ್ಲಿ, ಕಾಳಿನ ಕೋಣಿ ಬಾಗಲ ಮುಂದ.”

“ತಲಿ ಕೆಟ್ಟೈತೇನು? ಅಲ್ಲಿ ಕಂಬಾ ನಿಂತ್ರ ಚೀಲ ಹ್ಯಾಂಗ ಒಳಗ ಹೋಗಬೇಕು? ಹಮಾಲ ಚೀಲ ಹೊತಗೊಂಡು ಹೊಳ್ಳಾಕೂ ಜಾಗ ಉಳಿಯೂದಿಲ್ಲ.”

ಭರಮಣ್ಣ ಏಣಿ ಇಳಿಯುತ್ತ ನಕ್ಕ. “ಹಂಗಾರ ಎರಡ ದಾರಿ. ತೊಲಿ ದಪ್ಪಂದು ಹಾಕ್ರಿ, ಇಲ್ಲಾ ಯವ್ವಾರನ್ನ ತೆಳ್ಳಗ ಮಾಡ್ರಿ.”

ಎಲ್ಲರೂ ನಕ್ಕರು. ಮಲಕವ್ವನೂ ನಕ್ಕಳು. ರೇವಪ್ಪ ಚಹಾ ಕುಡಿದು ಲೋಟ ಇಡುತ್ತ ಹೇಳಿದ, “ಮಳಿಗಾಲ ಮುಗೀಲಿ, ನೋಡೂನು. ತೊಲಿ ಹಿಂಗ ಕಿರಗುಟ್ಟಿದ್ರ ಇದನ್ನೆಲ್ಲಾ ಬಿಚ್ಚೂದ ಚಲೋ. ಅಕ್ಕನ ಮನಿ ಅಂತೂ ಐತಿ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಡಿಗನು ಆ ಮಾತನ್ನು ಬೀಡಿ ಹಚ್ಚುವುದರೊಳಗೆ ಮರೆತ. ಮಲಕವ್ವ ಮರೆಯಲಿಲ್ಲ.

ಮೃಗಶಿರಾ ಮಳೆ ಅಲ್ಲೊಂದು ಇಲ್ಲೊಂದು ಹನಿ ಹಾಕಿ ಹೋಯಿತು. ಆ ದಿನಗಳಲ್ಲಿ ಎಮ್ಮೆಗೆ ಒಂದು ಹೊಸ ಚಾಳಿ ಹತ್ತಿತು. ಸಂಗವ್ವ ಅತ್ತೆಯ ಮುಂದೆ ಊಟದ ತಾಟು ಇಟ್ಟರೆ ಸಾಕು, ಮೇವು ಬಿಟ್ಟು ಹೊರಸಿನ ಕಡೆ ಕತ್ತು ಚಾಚಿ ನಿಲ್ಲುತ್ತಿತ್ತು. ಹಾಲೂ ತುಸು ಹೆಚ್ಚಿತು. ರೇವಪ್ಪ ತಾನು ಜತ್ತದಿಂದ ತಂದ ಹಿಂಡಿಯ ಗುಣವನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

“ಅತ್ತಿ, ಇನ್ನರ್ಧಾ ರೊಟ್ಟಿ ಹಾಕ್ಲೇನ್ರಿ?”

“ಹಾಕು. ಅರ್ಧಾ ಯಾಕ, ಪೂರಾ ಹಾಕು.”

ತಾಟು ತೊಳೆದಷ್ಟು ಸ್ವಚ್ಛವಾಗಿ ತಿರುಗಿ ಬರುತ್ತಿತ್ತು. ಅತ್ತೆ ಉಣ್ಣುವುದನ್ನು ನಿಂತು ನೋಡಲು ಸಂಗವ್ವನಿಗೆ ಪುರಸೊತ್ತಿರಲಿಲ್ಲ. ಒಲೆ, ಅಂಗಡಿ, ಮಕ್ಕಳು, ಎಮ್ಮೆ ಅವಳನ್ನು ಹಂಚಿಕೊಂಡಿದ್ದವು.

ಒಂದು ಬೆಳಿಗ್ಗೆ ಸಂಗವ್ವ ಗೂಟದ ಹಗ್ಗ ಬಿಚ್ಚಿದ್ದೇ ತಡ, ಚೀಲ ಅವಳ ಕೈ ಮೀರಿ ತಾನೇ ಕೆಳಗಿಳಿಯಿತು. ಮಲಕವ್ವ ಜೋಲಿ ಹೊಡೆಯುತ್ತ ಮೇಲೇರಿದಳು.

“ಏ ಸಂಗವ್ವಾ! ತೊಲಿಗಿ ತಲಿ ಬಡಿಸ್ತೀಯೇನು?”

“ನಾ ಜಗ್ಗೇ ಇಲ್ಲರಿ! ಅದ ಇಳೀತು!”

ರೇವಪ್ಪ ಓಡಿ ಬಂದ. ಚೀಲ ಮುಟ್ಟಿದ, ಒಂದು ಕಾಳು ಹಲ್ಲಿಗೆ ಹಾಕಿ ಕಡಿದ, ತಲೆಯಾಡಿಸಿದ.

“ತೇವ ಹಿಡದೈತಿ. ಮಳಿಗಾಲದ ಜೋಳ ಭಾರ ಆಗತೈತಿ. ಒಂದ ಬೊಗಸಿ ತಗದಬಿಡು.”

ಕಾಳಿನ ವ್ಯಾಪಾರಿಗೆ ಕಾಳಿನ ಮೇಲೆಯೇ ಅನುಮಾನ. ಸಂಗವ್ವ ಬೊಗಸೆ ಜೋಳ ತೆಗೆದಳು. ತೆಗೆದದ್ದನ್ನು ಎಲ್ಲಿಡುವುದು? ತೂಗಿದ ಜೋಳ, ಹಿಟ್ಟಿಗೆ ಹಾಕುವಂತಿಲ್ಲ. ಒಂದು ಮಣ್ಣಿನ ಗಡಿಗೆ ತೊಳೆದು ಒಣಗಿಸಿ ಅದರಲ್ಲಿ ಹಾಕಿ ದೇವರ ಜಗಲಿಯ ಕೆಳಗಿಟ್ಟಳು.

ಕೆಲವು ದಿನಕ್ಕೆ ಚೀಲ ಮತ್ತೆ ಇಳಿಯಿತು, ಮತ್ತೆ ತೆಗೆದಳು. ಆಮೇಲೂ ಇಳಿಯಿತು. ರೇವಪ್ಪ ಸಿಟ್ಟಾದ.

“ನೀ ಬೊಗಸಿ ತಗದು ಮೊರಾ ತುಂಬಿ ಹಾಕ್ತೀಯೇನು?”

“ನನಗೇನ ಹುಚ್ಚ ಹಿಡದೈತೇನ್ರಿ? ನಿಮ್ಮ ಜೋಳನ ಮರಿ ಹಾಕಿರಬೇಕು!”

“ಜಗಳ ಯಾಕ ಮಾಡ್ತೀರಿ?” ಎಂದಳು ಮಲಕವ್ವ ಹೊರಸಿನ ಮೇಲಿಂದ. “ತಗದ ಹಾಕ್ರಿ. ತೊಲಿಗೂ ಹಗರ ಆಗತೈತಿ. ಕಿರ್ ಅನ್ನೂದು ಕಡಿಮಿ ಆಗಿಲ್ಲೇನು?”

ಕಡಿಮೆಯಾಗಿತ್ತು ನಿಜ. ರೇವಪ್ಪ ಚೀಲ ಬಿಚ್ಚಿ, ಮಾಳಿಗೆಯ ಮೇಲೆ ಜೋಳ ಹರವಿ ದಿನವಿಡೀ ಬಿಸಿಲಿಗೆ ಹಾಕಿದ. ಸಂಗವ್ವ ಹಕ್ಕಿ ಕಾಯ್ದಳು. ತಿರುಗಿ ತುಂಬಿ ಕಟ್ಟಿದರೆ ಆ ವಾರವೂ ಚೀಲ ಇಳಿಯಿತು.

ಮೈಗೆ ಮೈ ತಗಲಿಸಿ ಎತ್ತುವ ಕಾಲದಲ್ಲಾಗಿದ್ದರೆ ಸಂಗವ್ವನ ತೋಳಿಗೆ ಎರಡು ದಿನದಲ್ಲಿ ಗೊತ್ತಾಗುತ್ತಿತ್ತು. ಈಗ ಅವಳು ಮುಟ್ಟುತ್ತಿದ್ದದ್ದು ಹಗ್ಗವನ್ನು. ಬಚ್ಚಲಲ್ಲೂ ಮಲಕವ್ವ ಸೀರೆ ಸುತ್ತಿಕೊಂಡೇ ಇರುತ್ತಿದ್ದಳು, ಮೈ ತಾನೇ ಉಜ್ಜಿಕೊಳ್ಳುತ್ತಿದ್ದಳು, ಸೊಸೆ ಬೆನ್ನ ಹಿಂದೆ ನಿಂತು ನೀರು ಹಾಕಿದರೆ ಮುಗಿಯಿತು. ಮುಖ ಸೊರಗಿದೆಯಲ್ಲ ಎಂದು ಒಮ್ಮೆ ಅನ್ನಿಸಿತ್ತು. ಬಿಸಿಲಿನ ಕಾಲ ಕಳೆದವರೆಲ್ಲ ಸೊರಗಿಯೇ ಇರುತ್ತಾರೆ ಎಂದು ಸುಮ್ಮನಾಗಿದ್ದಳು.

ನಾಗರ ಪಂಚಮಿಯ ಹಿಂದಿನ ದಿನ ಉಂಡಿ ಕಟ್ಟುವ ಗದ್ದಲದಲ್ಲಿ ಚೀಲ ಮತ್ತೊಮ್ಮೆ ದಬಕ್ಕನೆ ಕೂತಿತು. ರೇವಪ್ಪನಿಗೆ ತಾಳ್ಮೆ ತಪ್ಪಿತು. ಚೀಲವನ್ನು ಹಗ್ಗದಿಂದ ಕಳಚಿ ಅಂಗಡಿಗೆ ಎಳೆದುಕೊಂಡು ಹೋದ.

“ಆ ಗಡಗೀನೂ ತಾ ಇಲ್ಲೆ! ಇವತ್ತ ಈ ಜೋಳದ ಬಂಡವಾಳ ನೋಡೇಬಿಡ್ತೀನಿ.”

ದೊಡ್ಡ ತಕ್ಕಡಿಯಲ್ಲಿ ಚೀಲ ಹಾಕಿದ, ಗಡಿಗೆಯ ಜೋಳವನ್ನೂ ಮೇಲೆ ಸುರಿದ. ಇನ್ನೊಂದು ಕಡೆ, ಯುಗಾದಿ ಕಳೆದು ಈ ಜೋಳ ತೂಗುವಾಗ ಇಟ್ಟಿದ್ದ ಅವೇ ತೂಕದ ಕಲ್ಲುಗಳನ್ನು ಇಟ್ಟ. ಮುಳ್ಳು ಒಂದು ಸಲ ಅಲ್ಲಾಡಿ ನಡುವೆ ಬಂದು ನಿಂತಿತು. ರೇವಪ್ಪ ಕಲ್ಲು ತೆಗೆದು ಮತ್ತೆ ಇಟ್ಟ. ಮುಳ್ಳು ಅಲ್ಲಿಯೇ ನಿಂತಿತು.

“ಜೋಳಾ ಬರೋಬರಿ ಐತಿ,” ಎಂದ ರೇವಪ್ಪ. “ಒಂದ ಕಾಳೂ ಹೆಚ್ಚಾಗಿಲ್ಲ. ತೇವಾನೂ ಇಲ್ಲ.”

“ಹಂಗಾರ ಚೀಲ ಯಾಕ ಇಳೀತೈತ್ರಿ?” ಎಂದಳು ಸಂಗವ್ವ.

ಕೇಳಿದ ಮೇಲೆ ಅವಳ ಬಾಯಿ ತೆರೆದಂತೆಯೇ ಉಳಿಯಿತು. ರೇವಪ್ಪನೂ ತಕ್ಕಡಿಯ ಮುಂದೆ ಕುಸಿದು ಕೂತ. ಹೊರಗೆ ಗಿರಾಕಿಯೊಬ್ಬ, “ಸಾವ್ಕಾರ್ರ, ತೊಗರಿ ಏನ ಭಾವ?” ಎಂದು ಕೇಳುತ್ತಿದ್ದ.

ಸಂಗವ್ವ ಚೀಲದ ಬಾಯಲ್ಲಿ ಗಡಿಗೆ ಅದ್ದಿ ತಾನು ತೆಗೆದಷ್ಟೂ ಜೋಳವನ್ನು ತಿರುಗಿ ತುಂಬಿಕೊಂಡಳು. ಗಡಿಗೆ ಕಂಠದ ತನಕ ಬಂತು. ಅದನ್ನು ಟೊಂಕದ ಮೇಲೆ ಹೊತ್ತು ಒಳಗೆ ನಡೆದಳು. ಈ ಭಾರ ಅತ್ತೆಯ ಮೈಯದು ಎಂದು ನೆನೆದು ಗಡಿಗೆಯನ್ನು ಇನ್ನೊಂದು ಕೈಯಿಂದಲೂ ಒತ್ತಿ ಹಿಡಿದಳು. ಕಟ್ಟೆಯ ಮೇಲೆ ಹೊರಸಿನ ಮುಂದೆ ಗಡಿಗೆ ಇಟ್ಟಳು.

“ಅತ್ತಿ, ಇದೇನ್ರಿ?”

“ಗಡಿಗಿ.”

“ಗಡಿಗ್ಯಾಗ ಏನ್ರಿ?”

“ಜೋಳಾ. ನಿನ್ನ ಕಣ್ಣಿಗೇನಾಗೇತಿ?”

“ಜೋಳಾ ಅಲ್ಲರಿ ಇದು. ನೀವು ಇದು. ಇಷ್ಟ ನೀವು ಎಲ್ಲಿ ಹ್ವಾದ್ರಿ? ದಿನಾ ಕೇಳಿ ಕೇಳಿ ರೊಟ್ಟಿ ಹಾಕಿಸಿಕೊಂಡ್ರಿ. ಎಲ್ಲಿ ಹ್ವಾದವು ರೊಟ್ಟಿ?”

ಮಲಕವ್ವ ಮುಖ ತಿರುಗಿಸಿದಳು. “ವಯಸ್ಸಾದವರ ಮೈ ಇಳೀತೈತಿ. ಅದಕ್ಕ ಯಾರೇನ ಮಾಡಾಕ ಬರ್ತೈತಿ?”

ಸಂಗವ್ವ ಒಲೆಯ ಕಡೆಯಿಂದ ರೊಟ್ಟಿಯ ತಾಟು ತಂದು ಹೊರಸಿನ ಮೇಲೆ ಇಟ್ಟಳು, ಇಟ್ಟು ಸುಮ್ಮನೆ ನಿಂತಳು. ಎಮ್ಮೆ ಮೇವು ಬಿಟ್ಟು, ಗೋದಲಿಯ ಮೇಲೆ ಕತ್ತು ಚಾಚಿ ಮಲಕವ್ವನ ಕೈ ಮೂಸಿತು. ನಾಲಿಗೆ ಹೊರಚಾಚಿ ಕಾಯ್ದು ನಿಂತಿತು.

“ಹಾಳ ಎಮ್ಮಿ,” ಎಂದಳು ಮಲಕವ್ವ.

ಬಾಗಿಲಲ್ಲಿ ನಿಂತಿದ್ದ ರೇವಪ್ಪ ಎಮ್ಮೆಯನ್ನು ನೋಡಿದ. ಹಿಂಡಿಯ ಗುಣ ಹೊಗಳಿದ್ದೆಲ್ಲ ನೆನಪಾಗಿ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು.

“ಯಾಕ ಯವ್ವಾ? ಮನ್ಯಾಗ ಜೋಳಕ್ಕೇನ ಕಡಿಮಿ ಆಗೇತೇನು? ಕಾಳಿನ ಅಂಗಡ್ಯಾವನ ತಾಯಿ ಉಪಾಸ ಸಾಯಾಕತ್ತಾಳ ಅಂದ್ರ ಊರ ಏನಂತೈತಿ?”

“ಊರ ಮಾತ ಬಿಡು. ನೀ ಏನಂದಿ? ತೊಲಿ ಕಿರಗುಟ್ಟಿದ್ರ ಎಲ್ಲಾ ಬಿಚ್ಚಿ ಡಫಳಾಪುರಕ್ಕ ಕಳಸ್ತೀನಿ ಅಂದಿ. ಭರಮಣ್ಣ ದಾರಿ ಹೇಳಿದ. ತೊಲಿ ದಪ್ಪಂದು ಹಾಕಾಕ ನಿನಗ ಮನಸಿಲ್ಲ. ತೆಳ್ಳಗ ಆಗೂದು ನನ್ನ ಕೈಯಾಗಿತ್ತು. ಆದೆ.” ಮಲಕವ್ವ ತೊಲೆಯ ಕಡೆ ಬೆರಳು ತೋರಿಸಿದಳು. “ನಾ ಒಂದ ಸೇರ ಇಳದ್ರ ಆ ಕಡಿ ಚೀಲಾನೂ ಒಂದ ಸೇರ ಇಳೀತಿತ್ತು. ಎರಡೂ ಕಡಿ ಹಗರ. ಇನ್ನೊಂದೀಟು ದಿನ ನಡೆಸಿದ್ರ ತೊಲಿ ಸುಮ್ಮ ಆಗತಿತ್ತು.”

“ನೀವೂ ಸುಮ್ಮ ಆಗತಿದ್ರಿ!” ಸಂಗವ್ವ ಚೀರಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. “ನಡಾ ಮುರಕೊಂಡಾಕಿ ನಾನು. ಕೌದಿ ಹೊಲದಾಕಿ ನಾನು. ನಿಮ್ಮನ್ನ ಕಳಸಬಾರದಂತ ಇಷ್ಟೆಲ್ಲಾ ಮಾಡೀನಿ. ನೀವು ನನಗ ಹೇಳದ ಎಮ್ಮಿಗಿ ಹೇಳಿದ್ರಲ್ಲಾ ಅತ್ತಿ! ನಾ ಎಮ್ಮಿಗಿಂತ ಹೊರಗಿನಾಕಿ ಆದ್ನೇನು?”

ಸಂಗವ್ವ ಹೊರಸಿನ ಮೇಲೆ ಕೂತು, ಎಷ್ಟೋ ದಿನದ ಮೇಲೆ, ಅತ್ತೆಯ ಕಂಕುಳಲ್ಲಿ ಕೈ ಹಾಕಿ ತನ್ನ ಕಡೆ ಎಳೆದುಕೊಂಡಳು. ಕೈಗೆ ಎಲುಬು ಹತ್ತಿತು. ಮೊದಲಾಗಿದ್ದರೆ ಆ ತೋಳು ಅವಳ ಎರಡು ಕೈಗೂ ಒಗ್ಗುತ್ತಿರಲಿಲ್ಲ. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಅತ್ತೆಯ ಬಾಯಿಗಿಟ್ಟಳು.

“ನುಂಗ್ರಿ. ನೀವು ನುಂಗೂ ತನಕ ನಾ ಏಳೂದಿಲ್ಲ.”

ಮಲಕವ್ವ ನುಂಗಿದಳು. ಎಮ್ಮೆ ಒಂದು ಸಲ ಒದರಿತು.

ರೇವಪ್ಪ ಅಂಗಡಿಗೆ ಹೋಗಲಿಲ್ಲ. ತಲೆಗೆ ರುಮಾಲು ಸುತ್ತಿಕೊಂಡು ನೆಟ್ಟಗೆ ಭರಮಣ್ಣನ ಮನೆಗೆ ನಡೆದ. “ಕಂಬಾ ತಗೊಂಡ ಬಾ. ಈಗ.” ಭರಮಣ್ಣ, “ಕಾಳಿನ ಕೋಣಿ ಬಾಗಲಾ?” ಎಂದು ಕೇಳಿದ. “ಬಾಗಲಾ ಸುಡ್ಲಿ,” ಎಂದ ರೇವಪ್ಪ. “ಆವತ್ತ ನೀ ನಗಲಾರದ ಹೇಳಿದ್ರ ಆವತ್ತ ಹಾಕತಿದ್ನಿ.” ಅದು ಸುಳ್ಳು. ಭರಮಣ್ಣನಿಗೂ ಗೊತ್ತಿತ್ತು. ಅವನು ಗರಗಸ ತೆಗೆದುಕೊಂಡು ಬಂದ.

ಪಂಚಮಿಯ ದಿನ ಊರೆಲ್ಲ ಜೋಕಾಲಿ ಆಡುತ್ತಿರುವಾಗ ಆ ಮನೆಯ ಕೋಣೆಯ ಬಾಗಿಲ ಮುಂದೆ ಜಾಲಿಯ ಕಂಬ ಎದ್ದು ನಿಂತಿತು. ಅವತ್ತಿನಿಂದ ಚೀಲ ಒಳಗೆ ಒಯ್ಯುವುದೇ ಒಂದು ಯುದ್ಧ. ಹಮಾಲ ಬೈಯುತ್ತಿದ್ದ. ಅವನು ಇಲ್ಲದ ದಿನ ರೇವಪ್ಪನೇ ಚೀಲ ಹೊತ್ತು, ಓರೆಯಾಗಿ ನುಸುಳಲು ಹೋಗಿ ಕಂಬಕ್ಕೆ ಮೊಣಕೈ ಬಡಿಸಿಕೊಂಡು ಹಾಳು ಕಂಬವೇ ಎಂದು ಶಾಪ ಹಾಕುತ್ತಿದ್ದ.

“ಬಿಚ್ಚಿ ಒಗಿ ಹಂಗಾರ,” ಎಂದು ಒಳಗಿನಿಂದ ಮಲಕವ್ವ.

“ನೀ ಸುಮ್ಮ ಉಣ್ಣು.”

ಬೆಳಗಿನ ಜಗಳ ತಿರುಗಿ ಬಂದಿತ್ತು. ಈಗ ಅದು ರೊಟ್ಟಿಯ ಲೆಕ್ಕದ್ದು. ಮಲಕವ್ವ ಉಂಡು ಮುಗಿಸುವ ತನಕ ಸಂಗವ್ವ ಎದುರಿಗೇ ಕೂರುತ್ತಿದ್ದಳು, ಒಲೆಯ ಮೇಲೆ ಸಾರು ಉಕ್ಕಿದರೂ ಏಳುತ್ತಿರಲಿಲ್ಲ. ಎಮ್ಮೆಯನ್ನು ಆಚೆಯ ಗೂಟಕ್ಕೆ ಕಟ್ಟಿದರು. ಅದರ ಹಾಲು ಇಳಿಯಿತು. ರೇವಪ್ಪ ಹಿಂಡಿಯ ಮಾತೆತ್ತಲಿಲ್ಲ.

ಹೋದ ಮೈ ಹೋದಷ್ಟು ಲಗುಬಗೆಯಿಂದ ಬರುವುದಿಲ್ಲ. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಸಂಗವ್ವ ಹಗ್ಗ ಜಗ್ಗಿದರೆ ಚೀಲ ಕೆಳಗೆ ಬರಲೊಲ್ಲದು, ಕೈ ಬಿಗಿಯಿತು. ಅವಳು ಹಗ್ಗವನ್ನು ಗೂಟಕ್ಕೆ ಸುತ್ತಿ, ಗಡಿಗೆಯಿಂದ ಒಂದು ಬೊಗಸೆ ಜೋಳ ತೆಗೆದು ಚೀಲಕ್ಕೆ ಹಾಕಿದಳು. ಚೀಲ ಬಂತು. ಅವಳು ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತು ಎಂದು. ದೀಪಾವಳಿಯ ಹೊತ್ತಿಗೆ ಮತ್ತೊಂದು ಬೊಗಸೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಬುತ್ತಿ ಮನೆಗೆ ತಂದು ಅತ್ತೆಗೆ ಉಣ್ಣಿಸಿದ ವಾರ ಇನ್ನೊಂದು. ಹೀಗೆ ಗಡಿಗೆ ಕಂಠದಿಂದ ಹೊಟ್ಟೆಗೆ, ಹೊಟ್ಟೆಯಿಂದ ತಳಕ್ಕೆ ಇಳಿಯಿತು.

ಹೊಸ ಜೋಳ ಮನೆಗೆ ಬರುವ ಸಮಯ. ರೇವಪ್ಪ ಅಂಗಡಿಯಲ್ಲಿ ಗಿರಾಕಿಯ ಮುಂದೆ ತಕ್ಕಡಿ ಹಿಡಿದಿದ್ದ. ಒಳಗಿನಿಂದ ಸಂಗವ್ವನ ದನಿ ಬಂತು.

“ಏನ್ರಿ! ಗಡಿಗಿ ಬರಿದಾತು ನೋಡ್ರಿ!”

ಅವನ ಕೈಯ ತಕ್ಕಡಿ ವಾಲಿತು. “ಪೂರಾ?”

“ಡಬ್ ಹಾಕೀನ್ರಿ. ಒಂದ ಕಾಳೂ ಇಲ್ಲ.”

“ಹಂಗಾರ ಅವ್ವ ಪೂರಾ ಬಂದ್ಲು?”

ಹೊರಸಿನ ಮೇಲಿಂದ ಮಲಕವ್ವನೇ ಉತ್ತರ ಕೊಟ್ಟಳು. “ಬಂದೀನಿ. ಇನ್ನೊಂದ ರೊಟ್ಟಿ ತಾ ಅನ್ನು ಅಕೀಗಿ.”